ಆಫೀಸ್‌ಗೂ ಟ್ರ್ಯಾಕ್‌ಗೂ ಒಂದೇ ಜೊತೆ ಟೈರ್: ಯಾವುದು ಹಾಕಿಸಬೇಕು?

ಸೋಮವಾರದಿಂದ ಶುಕ್ರವಾರದವರೆಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿದು ನಿಲ್ಲುವ ಬೈಕು, ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೂ ಹೋಗಿಬರುತ್ತದೆ. ಅಲ್ಲಿ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುವವರೂ ಇದ್ದಾರೆ. ಮೊದಲು ಇದೆಲ್ಲ ರೇಸ್ ಹುಡುಗರ ಲೋಕವಾಗಿತ್ತು. ಈಗ ಡ್ಯೂಕ್ 390, ಆರ್15, ಅಪಾಚೆ ಆರ್‌ಆರ್ 310 ಓಡಿಸುವ ಸಾಮಾನ್ಯ ಸವಾರರೂ ದುಡ್ಡು ಕಟ್ಟಿ ಟ್ರ್ಯಾಕ್ ಡೇಗೆ ಹೆಸರು ಕೊಡುತ್ತಾರೆ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಎದುರಿನಿಂದ ಗಾಡಿ ಬಾರದ, ನಾಯಿ ಅಡ್ಡ ಓಡದ ಮುಚ್ಚಿದ ರಸ್ತೆಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ಸರದಿಗಳಲ್ಲಿ ನಿಮ್ಮ ಬೈಕನ್ನು ನೀವೇ ಓಡಿಸುವುದು. ಹೆಸರು ಕೊಟ್ಟ ಕೂಡಲೇ ತಲೆ ತಿನ್ನುವ ಮೊದಲ ಪ್ರಶ್ನೆ ಟೈರಿನದು. ‘ಸಾಫ್ಟ್ ಕಾಂಪೌಂಡ್ ಹಾಕಿಸು’, ಅಂದರೆ ಮೆತ್ತನೆಯ ರಬ್ಬರಿನದು, ಅಂತ ಒಬ್ಬ ಗೆಳೆಯ ಹೇಳುತ್ತಾನೆ. ‘ಒಂದು ಸೈಜ್ ಅಗಲ ಹಾಕಿಸು’ ಅಂತ ಇನ್ನೊಬ್ಬ. ‘ಕಂಪನಿಯಿಂದ ಬಂದದ್ದೇ ಸಾಕು’ ಅಂತ ಮತ್ತೊಬ್ಬ. ಮೂವರಲ್ಲಿ ಯಾರ ಮಾತು ಕೇಳಬೇಕು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಟೈರನ್ನು ಆಫೀಸ್ ದಾರಿಗೆ ಆರಿಸಿ. ಟ್ರ್ಯಾಕಿಗೆ ಬೇಕಾದದ್ದು ಒಳ್ಳೆಯ ರಸ್ತೆ ಟೈರಿನಲ್ಲೇ ಇದೆ, ಅದನ್ನು ಹೊರತೆಗೆಯುವುದು ಗಾಳಿಯ ಲೆಕ್ಕ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಟೈರ್ ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು.

ಟೈರಿನ ಮೈಮೇಲಿನ ಬರಹ

ಡ್ಯೂಕ್ 390ರ ಹಿಂದಿನ ಟೈರಿನ ಪಕ್ಕದಲ್ಲಿ 150/60 ಆರ್ 17 66ಎಚ್ ಅನ್ನುವಂಥ ಬರಹ ಇರುತ್ತದೆ. 150 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಎತ್ತರ ಆ ಅಗಲದ ನೂರಕ್ಕೆ 60ರಷ್ಟು, ಅಂದರೆ 90 ಮಿ.ಮೀ. 17 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ ‘ಆರ್’ ಅಂದರೆ ರೇಡಿಯಲ್. ಆ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಇದ್ದರೆ ಅದು ಬಯಾಸ್ ಟೈರ್. ಎರಡರ ವ್ಯತ್ಯಾಸ ಮುಂದೆ ಹೇಳುತ್ತೇನೆ.

ಕೊನೆಯ 66 ಭಾರದ ಸಂಕೇತ. ಆ ಟೈರ್ 300 ಕೆ.ಜಿ. ಹೊರುತ್ತದೆ ಅಂತ ಅರ್ಥ. ‘ಎಚ್’ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ‘ಪಿ’ ಇದ್ದರೆ 150, ‘ಎಸ್’ ಇದ್ದರೆ 180, ‘ಡಬ್ಲ್ಯು’ ಇದ್ದರೆ 270. ಬೈಕಿನ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಕ್ಷರದ ಟೈರ್ ಹಾಕಬಾರದು. ಮೇಲಿನದು ಹಾಕಬಹುದು, ಆದರೆ ಅದರಿಂದ ಗ್ರಿಪ್ ಜಾಸ್ತಿ ಆಗುತ್ತದೆ ಅಂತ ಏನಿಲ್ಲ. ಅಕ್ಷರ ಹೇಳುವುದು ವೇಗದ ತಾಳಿಕೆಯನ್ನು ಮಾತ್ರ.

ಪಕ್ಕದಲ್ಲೇ ‘ಡಾಟ್’ (ಡಿ, ಒ, ಟಿ) ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಈ ನಾಲ್ಕು ಅಂಕಿ ಅಂಗಡಿಯಲ್ಲಿ ಮತ್ತೆ ಬೇಕಾಗುತ್ತದೆ.

ಗ್ರಿಪ್ ಎಲ್ಲಿಂದ ಬರುತ್ತದೆ?

ಒಂದು ಸಣ್ಣ ಲೆಕ್ಕ ಹಾಕೋಣ. ಬೈಕ್ ಮತ್ತು ಸವಾರ ಸೇರಿ 240 ಕೆ.ಜಿ. ಅಂದುಕೊಳ್ಳಿ. ಒಂದೊಂದು ಟೈರಿನ ಮೇಲೆ ಹೆಚ್ಚುಕಡಿಮೆ 120 ಕೆ.ಜಿ. ಒಳಗೆ 29 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಟೈರ್ ನೆಲ ಮುಟ್ಟುವ ಜಾಗ ಸುಮಾರು 60 ಚದರ ಸೆಂಟಿಮೀಟರ್. ಅಂದರೆ ಅಂಗೈಗಿಂತ ಚಿಕ್ಕದು. ಬ್ರೇಕ್, ತಿರುವು, ಎಂಜಿನ್ನಿನ ಎಳೆತ ಎಲ್ಲವೂ ಅಷ್ಟೇ ಜಾಗದಲ್ಲಿ ನಡೆಯಬೇಕು.

ಆ ಜಾಗದಲ್ಲಿ ರಬ್ಬರ್ ಎರಡು ಕೆಲಸ ಮಾಡುತ್ತದೆ. ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿದು ಹಿಡಿದುಕೊಳ್ಳುತ್ತದೆ. ಜೊತೆಗೆ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಎರಡಕ್ಕೂ ರಬ್ಬರ್ ಮೆತ್ತಗಿರಬೇಕು. ಅದಕ್ಕೇ ಮೆತ್ತನೆಯ ರಬ್ಬರಿಗೆ ಗ್ರಿಪ್ ಜಾಸ್ತಿ, ಬಾಳಿಕೆ ಕಮ್ಮಿ. ಗಟ್ಟಿ ರಬ್ಬರಿಗೆ ಬಾಳಿಕೆ ಜಾಸ್ತಿ, ಗ್ರಿಪ್ ಕಮ್ಮಿ. ‘ಸಾಫ್ಟ್ ಕಾಂಪೌಂಡ್ ಹಾಕಿಸು’ ಅನ್ನುವವನ ಮಾತಿಗೆ ಆಧಾರ ಇದೇ.

ಆದರೆ ಅವನು ಬಿಟ್ಟದ್ದು ಬಿಸಿಯ ವಿಷಯ. ಬೆಲ್ಲದ ಪಾಕ ನೆನಪಿಸಿಕೊಳ್ಳಿ. ಹದಕ್ಕೆ ಬರುವ ಮೊದಲು ನೀರು ನೀರು, ಹದ ಮೀರಿದರೆ ಕಲ್ಲು. ಕೈಗೆ ಸಿಗುವ ಹದ ನಡುವೆ ಸ್ವಲ್ಪ ಹೊತ್ತು. ಪ್ರತಿ ಟೈರಿನ ರಬ್ಬರಿಗೂ ಹಾಗೆ ಒಂದು ಹದ ಇದೆ, ಅದು ಬಿಸಿಯ ಹದ. ಅದಕ್ಕಿಂತ ತಣ್ಣಗಿದ್ದರೆ ರಬ್ಬರ್ ಬಿರುಸಾಗಿ ಜಾರುತ್ತದೆ. ಅದಕ್ಕಿಂತ ಕಾದರೆ ಮೇಲ್ಮೈ ಕರಗಿದಂತಾಗಿ ಕಿತ್ತುಬರುತ್ತದೆ.

ರೇಸ್ ಟೈರುಗಳ ಹದ ತುಂಬಾ ಮೇಲಿದೆ. ಹಾಗಾಗಿಯೇ ರೇಸ್ ಶುರುವಾಗುವ ಮೊದಲು ಟೈರುಗಳಿಗೆ ವಿದ್ಯುತ್ ಹೊದಿಕೆ ಸುತ್ತಿ 80-100 ಡಿಗ್ರಿಯವರೆಗೆ ಕಾಯಿಸುತ್ತಾರೆ. ಅಂಥ ಟೈರನ್ನು ಬೆಳಗ್ಗೆ ಏಳೂವರೆಗೆ ಮನೆಯಿಂದ ಹೊರಟು ಮೂರನೇ ಸಿಗ್ನಲ್ ತಲುಪುವಷ್ಟರಲ್ಲಿ ಬಿಸಿ ಮಾಡಲು ಯಾರಿಂದಲೂ ಆಗುವುದಿಲ್ಲ. ಡಿಸೆಂಬರ್ ಬೆಳಗ್ಗೆ ಆಫೀಸಿಗೆ ಹೊರಟಾಗ ಅದರ ಗ್ರಿಪ್ ಸಾಧಾರಣ ರಸ್ತೆ ಟೈರಿಗಿಂತ ಕಮ್ಮಿಯೇ ಇರುತ್ತದೆ. ದುಬಾರಿ ಟೈರ್ ಹಾಕಿಸಿ ಜಾರಿಬೀಳುವ ಸಾಧ್ಯತೆ ಹೆಚ್ಚಿಸಿಕೊಂಡಂತೆ!

ಟೈರ್ ಬಿಸಿಯಾಗುವುದು ಹೇಗೆ ಅನ್ನುವುದೂ ಮುಖ್ಯ. ಉರುಳುವಾಗ ಟೈರ್ ನೆಲದ ಹತ್ತಿರ ಬಾಗುತ್ತದೆ, ಮೇಲೆ ಬಂದಾಗ ಮೊದಲಿನಂತಾಗುತ್ತದೆ. ಈ ಬಾಗಾಟದಿಂದಲೇ ಬಿಸಿ ಹುಟ್ಟುವುದು. ಬೈಕಿನ ತೂಕ, ಎಂಜಿನ್ನಿನ ಬಲ, ಬ್ರೇಕಿನ ಒತ್ತಡ ಜಾಸ್ತಿ ಇದ್ದಷ್ಟೂ ಬಾಗಾಟ ಜಾಸ್ತಿ. ಸಾವಿರ ಸಿಸಿಯ, 200 ಅಶ್ವಶಕ್ತಿಯ ಬೈಕಿಗೆ ಮಾಡಿದ ಟೈರಿನ ಒಡಲು ಅದೇ ಲೆಕ್ಕಕ್ಕೆ ಬಿಗಿಯಾಗಿರುತ್ತದೆ. 155 ಸಿಸಿಯ, ಹತ್ತೊಂಬತ್ತು ಅಶ್ವಶಕ್ತಿಯನ್ನೂ ಮುಟ್ಟದ ಆರ್15 ಅದನ್ನು ಬಾಗಿಸಲಾರದು, ಕಾಯಿಸಲಾರದು. ಸಣ್ಣ ಬೈಕಿಗೆ ದೊಡ್ಡ ಬೈಕಿನ ಟೈರ್ ಹಾಕಿ ‘ಸೂಪರ್ ಗ್ರಿಪ್’ ಅನ್ನುವವರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಇನ್ನು ಸಿಲಿಕಾ. ಈಗಿನ ಒಳ್ಳೆಯ ರಸ್ತೆ ಟೈರುಗಳ ಜಾಹೀರಾತಿನಲ್ಲಿ ಈ ಹೆಸರು ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ರಬ್ಬರಿಗೆ ಕಾರ್ಬನ್ ಪುಡಿ ಬೆರೆಸುತ್ತಾರೆ. ಟೈರ್ ಕಪ್ಪಗಿರುವುದು ಅದರಿಂದಲೇ. ಸಿಲಿಕಾ ಬೆರೆಸಿದ ರಬ್ಬರ್ ತಣ್ಣಗಿದ್ದಾಗಲೂ, ಒದ್ದೆ ರಸ್ತೆಯಲ್ಲೂ ಮೆತ್ತಗೆ ಉಳಿಯುತ್ತದೆ. ಮಳೆಯಲ್ಲೂ ಬೈಕ್ ಬಿಡದ ಊರಿನವರು ಇದನ್ನು ಕೇಳಿ ತೆಗೆದುಕೊಳ್ಳಬೇಕು.

ಬಟನ್ ಜಾಸ್ತಿ ಇದ್ದರೆ ಗ್ರಿಪ್ ಜಾಸ್ತಿಯೇ?

ಬಟನ್ ಅಂದರೆ ಟೈರಿನ ಮೈಮೇಲೆ ಗೀರುಗಳ ನಡುವೆ ಎದ್ದಿರುವ ರಬ್ಬರ್ ತುಂಡುಗಳು. ಒಣ ರಸ್ತೆಯಲ್ಲಿ ಲೆಕ್ಕ ಉಲ್ಟಾ. ಗೀರು ಇದ್ದಲ್ಲಿ ರಬ್ಬರ್ ಇರುವುದಿಲ್ಲ, ರಬ್ಬರ್ ಇಲ್ಲದ ಜಾಗ ನೆಲ ಹಿಡಿಯುವುದಿಲ್ಲ. ಅದಕ್ಕೆ ರೇಸಿನಲ್ಲಿ ಒಂದೂ ಗೀರಿಲ್ಲದ ಬೋಳು ಟೈರ್, ಅಂದರೆ ಸ್ಲಿಕ್, ಬಳಸುತ್ತಾರೆ. ಗೀರುಗಳ ಕೆಲಸ ನೀರು ಹೊರದಬ್ಬುವುದು. ಟೈರಿಗೂ ಡಾಂಬರಿಗೂ ನಡುವೆ ನೀರಿನ ಪದರ ನಿಂತರೆ ಬೈಕ್ ತೇಲುತ್ತದೆ. ಸ್ಲಿಕ್ಕನ್ನು ರಸ್ತೆಗೆ ತರುವ ಮಾತೇ ಇಲ್ಲ.

ನಿಮ್ಮ ಸ್ಪೋರ್ಟ್ ಟೈರಿನ ಅಂಚನ್ನು ಗಮನಿಸಿ. ನಡುವೆ ಗೀರುಗಳಿರುತ್ತವೆ, ಅಂಚಿನ ಒಂದೆರಡು ಸೆಂಟಿಮೀಟರ್ ಬಹುಪಾಲು ನುಣ್ಣಗಿರುತ್ತದೆ. ಮಳೆಯಲ್ಲಿ ಅಷ್ಟು ಓರೆಯಾಗಿ ಯಾರೂ ಓಡಿಸುವುದಿಲ್ಲ ಅನ್ನುವ ಲೆಕ್ಕದಲ್ಲಿ ಹಾಗೆ ಮಾಡಿರುತ್ತಾರೆ. ಒಂದೇ ಟೈರಿನಲ್ಲಿ ನಡುವಿಗೆ ಗಟ್ಟಿ ರಬ್ಬರ್, ಅಂಚಿಗೆ ಮೆತ್ತನೆಯದು ಹಾಕುವ ಪದ್ಧತಿಯೂ ಬಂದಿದೆ. ಡ್ಯುಯಲ್ ಕಾಂಪೌಂಡ್ ಅನ್ನುವುದು ಇದನ್ನೇ. ಆಫೀಸ್ ದಾರಿ ನಡುವನ್ನು ತಿನ್ನುತ್ತದೆ, ಟ್ರ್ಯಾಕ್ ಅಂಚನ್ನು ಕೇಳುತ್ತದೆ. ಎರಡೂ ಒಂದೇ ಟೈರಿನಲ್ಲಿ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸದ್ಯಕ್ಕೆ ಕಾಣುತ್ತಿಲ್ಲ.

ರೇಡಿಯಲ್ಲೋ ಬಯಾಸೋ?

ಟೈರ್ ಬರೀ ರಬ್ಬರಿನ ಬಳೆಯಲ್ಲ. ಒಳಗೆ ನೈಲಾನ್‌ನಂಥ ದಾರದ ಪದರಗಳಿರುತ್ತವೆ. ಬಯಾಸ್ ಟೈರಿನಲ್ಲಿ ಈ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಕೂತಿರುತ್ತವೆ. ಹೀಗಾಗಿ ಪಕ್ಕದ ಗೋಡೆ ಬಿಗಿ. ಗುಂಡಿ ಹೊಡೆದರೂ ತಡೆಯುತ್ತದೆ, ಬೆಲೆಯೂ ಕಮ್ಮಿ. ಆದರೆ ಗೋಡೆಯೂ ನೆಲ ಮುಟ್ಟುವ ಭಾಗವೂ ಒಂದೇ ಕಟ್ಟು. ಒಂದು ಬಾಗಿದರೆ ಇನ್ನೊಂದೂ ಬಾಗಬೇಕು. ಪದರಗಳು ಒಂದಕ್ಕೊಂದು ಉಜ್ಜಿ ಬೇಗ ಕಾಯುತ್ತದೆ ಕೂಡ.

ರೇಡಿಯಲ್‌ನಲ್ಲಿ ದಾರಗಳು ರಿಮ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ಅದರ ಮೇಲೆ, ನೆಲ ಮುಟ್ಟುವ ಭಾಗದ ಕೆಳಗೆ, ಸ್ಟೀಲ್ ಅಥವಾ ಬೇರೆ ಗಟ್ಟಿ ದಾರದ ಪಟ್ಟಿ ಸುತ್ತಿರುತ್ತಾರೆ. ಗೋಡೆ ಬಾಗಿದರೂ ನೆಲ ಮುಟ್ಟುವ ಭಾಗ ಹರಡಿಕೊಂಡೇ ಇರುತ್ತದೆ. ಓರೆಯಾದ ಬೈಕಿನಲ್ಲಿ ಬ್ರೇಕ್ ಒತ್ತಿದಾಗ ಟೈರ್ ಏನು ಮಾಡುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಇಪ್ಪತ್ತು ನಿಮಿಷ ಸತತ ಓಡಿಸಿದರೂ ಬಿಸಿ ಹದ್ದುಮೀರುವುದು ಕಮ್ಮಿ. ಟ್ರ್ಯಾಕಿಗೆ ಹೋಗುವ ಆಸೆ ಇದ್ದರೆ ಮೊದಲು ದುಡ್ಡು ಹಾಕಬೇಕಾದದ್ದು ಇಲ್ಲಿ.

ಎರಡನ್ನೂ ಬೆರೆಸಬಹುದೇ? ಆರ್15ರ ಮುಂದೆ ಬಯಾಸ್, ಹಿಂದೆ ರೇಡಿಯಲ್ ಕಂಪನಿಯಿಂದಲೇ ಬರುತ್ತದೆ. ಕಂಪನಿ ಪರೀಕ್ಷೆ ಮಾಡಿ ಕೊಟ್ಟ ಜೋಡಿ ಅದು, ತೊಂದರೆ ಇಲ್ಲ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಅನ್ನುವ ಜೋಡಿಯನ್ನು ಮಾತ್ರ ಸುಮ್ನೆ ನೀವೇ ಮಾಡಿಕೊಳ್ಳಬೇಡಿ. ಮುಂದಿನದು ಚುರುಕಾಗಿ ತಿರುಗುತ್ತದೆ, ಹಿಂದಿನದು ಹಿಂಬಾಲಿಸಲು ತಡಮಾಡುತ್ತದೆ.

ಆಫೀಸ್ ದಾರಿ ಏನು ಕೇಳುತ್ತದೆ, ಟ್ರ್ಯಾಕ್ ಏನು ಕೇಳುತ್ತದೆ

ಟ್ರ್ಯಾಕ್ ಅಂದರೆ ಟೈರಿಗೆ ದೊಡ್ಡ ಪರೀಕ್ಷೆ ಅಂತ ಎಲ್ಲರ ನಂಬಿಕೆ. ಹೊಸಬರ ಮಟ್ಟಿಗೆ ನನಗೆ ಹಾಗನ್ನಿಸುವುದಿಲ್ಲ. ಟ್ರ್ಯಾಕಿನ ಡಾಂಬರು ಶುದ್ಧ, ಒಣ, ಒಂದೇ ಸಮ. ಚೆನ್ನೈ ಬಿಸಿಲಿಗೆ ನೆಲವೇ ಕಾದಿರುತ್ತದೆ. ಮೊದಲ ಎರಡು ಸುತ್ತು ನಿಧಾನ ಓಡಿಸಿದರೆ ಒಳ್ಳೆಯ ರಸ್ತೆ ಟೈರ್ ತನ್ನ ಹದಕ್ಕೆ ಬಂದುಬಿಡುತ್ತದೆ. ಆಮೇಲೆ ಹೊಸಬನನ್ನು ಹಿಡಿದು ನಿಲ್ಲಿಸುವುದು ಟೈರ್ ಅಲ್ಲ. ಬ್ರೇಕ್ ಎಲ್ಲಿ ಒತ್ತಬೇಕು, ಕಣ್ಣು ಎಲ್ಲಿರಬೇಕು, ಸೀಟಿನ ಮೇಲೆ ಮೈ ಹೇಗಿರಬೇಕು ಅನ್ನುವುದು ಅವನಿಗಿನ್ನೂ ಗೊತ್ತಿರುವುದಿಲ್ಲ. ಟೈರಿನ ಗ್ರಿಪ್ ಮುಗಿಯುವ ಮೊದಲೇ ಧೈರ್ಯ ಮುಗಿಯುತ್ತದೆ.

ಈಗ ಆಫೀಸ್ ದಾರಿ ನೋಡಿ. ಮೊದಲ ಮಳೆ ಬಿದ್ದಾಗ ಧೂಳು, ಎಣ್ಣೆ, ನೀರು ಸೇರಿ ರಸ್ತೆಯ ಮೇಲೆ ಜಿಡ್ಡು ಪದರ. ಮೆಟ್ರೋ ಕಾಮಗಾರಿ ಹತ್ತಿರ ಹಾಸಿದ ಕಬ್ಬಿಣದ ಹಲಗೆ. ಜೀಬ್ರಾ ಪಟ್ಟಿಯ ನುಣ್ಣನೆ ಬಣ್ಣ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ಮುಗಿದು ಡಾಂಬರು ಶುರುವಾಗುವ ಕಡೆ ಒಂದು ಮೆಟ್ಟಿಲು. ಟೈರ್ ತಣ್ಣಗಿರುವಾಗ, ಮುಂದಿನ ಆಟೋ ಇದ್ದಕ್ಕಿದ್ದಂತೆ ನಿಂತಾಗ, ಇವುಗಳ ಮೇಲೇ ಬ್ರೇಕ್ ಒತ್ತಬೇಕು. ಕಷ್ಟದ ಪರೀಕ್ಷೆ ಯಾವುದು ಅಂತ ನೀವೇ ಹೇಳಿ.

ಇನ್ನೊಂದು ಹಾನಿ ಸದ್ದಿಲ್ಲದೆ ಆಗುತ್ತದೆ. ನೇರ ರಸ್ತೆಯಲ್ಲಿ ಓಡಿಸಿದಷ್ಟೂ ಹಿಂದಿನ ಟೈರಿನ ನಡುಭಾಗ ಸವೆದು ಚಪ್ಪಟೆಯಾಗುತ್ತದೆ. ಬೆಂಗಳೂರಿನಿಂದ ಇರುಂಗಾಟ್ಟುಕೋಟ್ಟೈ ಸುಮಾರು 300 ಕಿ.ಮೀ. ಹೆದ್ದಾರಿ. ಹೋಗಿಬರುವುದೇ 600 ಕಿ.ಮೀ. ನೇರ ಓಟ. ಬೈಕ್ ಟೈರ್ ಅಡ್ಡಕ್ಕೆ ಗುಂಡಗಿರುವುದೇ ಬೈಕ್ ನಯವಾಗಿ ಓರೆಯಾಗಲಿ ಅಂತ. ನಡುವೆ ಚಪ್ಪಟೆಯಾದರೆ ಅಲ್ಲೊಂದು ಏಣು ಮೂಡುತ್ತದೆ. ತಿರುವಿಗೆ ಬೈಕ್ ವಾಲಿಸುವಾಗ ಮೊದಲು ಒಲ್ಲೆ ಅನ್ನುತ್ತದೆ, ಏಣು ದಾಟಿದ ಕೂಡಲೇ ದಡಕ್ಕನೆ ವಾಲುತ್ತದೆ. ಬಟನ್ ಇನ್ನೂ ಇದೆ ಅಂತ ಇಂಥ ಟೈರಿನಲ್ಲಿ ಟ್ರ್ಯಾಕಿಗೆ ಹೋದರೆ ಇಡೀ ದಿನ ಬೈಕಿನ ಜೊತೆ ಜಗಳವೇ. ಮೆತ್ತನೆಯ ಟ್ರ್ಯಾಕ್ ಟೈರ್ ಈ ಚಪ್ಪಟೆತನಕ್ಕೆ ಬೇಗ ಬರುತ್ತದೆ. ಟ್ರ್ಯಾಕಿಗೆ ಅಂತ ಕೊಂಡ ಟೈರ್ ಟ್ರ್ಯಾಕ್ ಕಾಣುವ ಮೊದಲೇ ಹೊಸೂರು ರಸ್ತೆಯಲ್ಲಿ ಮುಗಿದಿರುತ್ತದೆ.

ಕಂಪನಿಗಳ ಏಣಿ

ದೊಡ್ಡ ಟೈರ್ ಕಂಪನಿಗಳೆಲ್ಲ ರಸ್ತೆಯಿಂದ ರೇಸಿನವರೆಗೆ ಒಂದು ಏಣಿಯಂತೆ ಟೈರುಗಳನ್ನು ಜೋಡಿಸಿರುತ್ತವೆ. ಪಿರೆಲ್ಲಿಯನ್ನು ತೆಗೆದುಕೊಳ್ಳಿ. ದೂರ ಪ್ರಯಾಣಕ್ಕೆ ಏಂಜೆಲ್ ಜಿಟಿ. ರಸ್ತೆಯ ಸ್ಪೋರ್ಟ್ ಸವಾರಿಗೆ ಡಯಾಬ್ಲೊ ರೊಸ್ಸೊ ಸಾಲು. ಅದರ ಮೇಲೆ ಡಯಾಬ್ಲೊ ಸೂಪರ್‌ಕೊರ್ಸಾ. ಅದರಲ್ಲೂ ಎಸ್‌ಪಿ ಅಂದರೆ ರಸ್ತೆಗೂ ಆಗುವುದು, ಎಸ್‌ಸಿ ಅಂದರೆ ಟ್ರ್ಯಾಕಿಗೆ ಮಾಡಿದ್ದು. ತುದಿಯಲ್ಲಿ ಸ್ಲಿಕ್. ಮಿಷೆಲಿನ್‌ದೂ ಹೀಗೇ: ರೋಡ್ 6 ಪ್ರಯಾಣಕ್ಕೆ, ಪವರ್ 6 ಸ್ಪೋರ್ಟ್ ರಸ್ತೆಗೆ. ಪವರ್ ಜಿಪಿ ಸಾಲನ್ನು ಕಂಪನಿಯೇ ಅರ್ಧ ರಸ್ತೆ, ಅರ್ಧ ಟ್ರ್ಯಾಕ್ ಅಂತ ಹೇಳಿ ಮಾರುತ್ತದೆ. ಪವರ್ ಕಪ್ 2 ಬಹುಪಾಲು ಟ್ರ್ಯಾಕಿಗೆ.

ಇವುಗಳಲ್ಲಿ ಎಲ್ಲವೂ ಸಣ್ಣ ಬೈಕಿನ ಸೈಜಿನಲ್ಲಿ ಬರುವುದಿಲ್ಲ. ಬಂದರೂ ನಮ್ಮಲ್ಲಿ ಯಾವಾಗಲೂ ಸಿಗುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಪರವಾನಗಿ ಕಡ್ಡಾಯ ಮಾಡಿತು. ಅದಾದ ಮೇಲೆ ವಿದೇಶಿ ಬೈಕ್ ಟೈರ್ ಹುಡುಕುವುದೇ ಒಂದು ಕೆಲಸವಾಯಿತು. ಒಂದು ರೀತಿಯಲ್ಲಿ ಇಲ್ಲಿನ ಕಂಪನಿಗಳಿಗೆ ಅದು ಅನುಕೂಲವೇ ಆಯಿತು ಅನ್ನಿ. ಸಣ್ಣ ಬೈಕಿನ ಸೈಜುಗಳಲ್ಲಿ ಅಪೋಲೊ ಆಲ್ಫಾ ಎಚ್1, ಎಂಆರ್‌ಎಫ್ ಸ್ಟೀಲ್ ಬ್ರೇಸ್, ಟಿವಿಎಸ್ ಯೂರೋಗ್ರಿಪ್ ಪ್ರೋಟಾರ್ಕ್ ಎಕ್ಸ್‌ಟ್ರೀಮ್, ಸಿಯೆಟ್ ಸ್ಪೋರ್ಟ್‌ರ‍್ಯಾಡ್ ಇವೆಲ್ಲ ಇಲ್ಲಿಯ ಕಂಪನಿಗಳ ರೇಡಿಯಲ್ ಟೈರುಗಳು.

ಒಂದೇ ಜೊತೆ ಟೈರಿನಲ್ಲಿ ಎಲ್ಲ ಮಾಡಬೇಕು ಅನ್ನುವವರು ನಿಲ್ಲಬೇಕಾದದ್ದು ಏಣಿಯ ಎರಡನೇ ಮೆಟ್ಟಿಲಿನಲ್ಲಿ. ಅಂದರೆ ರಸ್ತೆಯ ಸ್ಪೋರ್ಟ್ ರೇಡಿಯಲ್. ಮೊದಲ ಮೆಟ್ಟಿಲಿನ ಪ್ರಯಾಣದ ಟೈರ್ ಕೂಡ ವರ್ಷಕ್ಕೊಂದು ಟ್ರ್ಯಾಕ್ ಡೇಗೆ ಧಾರಾಳ ಸಾಕು, ಬಾಳಿಕೆಯೂ ಜಾಸ್ತಿ. ಮೂರನೇ ಮೆಟ್ಟಿಲಿಗೆ ಹತ್ತಿದರೆ ಮಳೆಗಾಲದಲ್ಲಿ ಬಸ್ಸಿಗೆ ಹೋಗುವ ಮನಸ್ಸು ಮಾಡಬೇಕು.

ಅಗಲದ ಆಸೆ

ಹಿಂದಿನ ಟೈರ್ ದಪ್ಪಗಿದ್ದರೆ ಬೈಕ್ ಚೆಂದ ಕಾಣುತ್ತದೆ, ನಿಜ. ಆದರೆ ಟೈರಿನ ಆಕಾರ ರಿಮ್ಮಿನ ಅಗಲವನ್ನು ನಂಬಿದೆ. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಎರಡೂ ಪಕ್ಕ ಹಿಸುಕಿಕೊಂಡು ನಡುಭಾಗ ಮೇಲೆದ್ದು ಚೂಪಾಗುತ್ತದೆ. ಅಂಚು ನೆಲಕ್ಕೆ ಸರಿಯಾಗಿ ತಾಗುವುದೇ ಇಲ್ಲ. ಜಾಸ್ತಿ ಗ್ರಿಪ್ ಸಿಗಲಿ ಅಂತ ಹಾಕಿಸಿ ಕಮ್ಮಿ ಮಾಡಿಕೊಂಡಂತಾಯಿತು. ತೂಕ ಜಾಸ್ತಿ, ಬೈಕ್ ವಾಲುವುದು ನಿಧಾನ, ಚೈನಿಗೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗೋ ಉಜ್ಜುವ ಭಯ ಬೇರೆ.

ಎತ್ತರವೂ ಬದಲಾಗುತ್ತದೆ. 150/60-17 ಟೈರಿನ ಒಟ್ಟು ವ್ಯಾಸ ಸುಮಾರು 612 ಮಿ.ಮೀ. 140/70-17ರದ್ದು 628. ಅಗಲ ಹತ್ತು ಮಿಲಿಮೀಟರ್ ಕಮ್ಮಿ ಮಾಡಿದರೂ ಬೈಕಿನ ಹಿಂಭಾಗ 8 ಮಿ.ಮೀ. ಮೇಲೇಳುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ. ಕೆಲವರು ಬೇಕೆಂದೇ ಇದನ್ನು ಮಾಡುತ್ತಾರೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಎರಡೂ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವುದರಿಂದ ಯಾಕೆ ಮಾಡುತ್ತಿದ್ದೀರಿ ಅಂತ ಗೊತ್ತಿಲ್ಲದೆ ಸೈಜ್ ಬದಲಿಸದಿರುವುದು ವಾಸಿ.

ಟ್ರ್ಯಾಕಿನಲ್ಲಿ ಗಾಳಿಯ ಲೆಕ್ಕ

ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಬಿಟ್ಟುಬಿಡುವ ವಿಷಯ ಇದು. ಮುಚ್ಚಿದ ಜಾಗದಲ್ಲಿ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ. 27 ಡಿಗ್ರಿಯಲ್ಲಿ 29 ಪಿಎಸ್‌ಐ ತುಂಬಿಸಿದ ಟೈರ್ 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 34ಕ್ಕೆ ಹೋಗುತ್ತದೆ. ಆಗ ಟೈರ್ ಉಬ್ಬಿ, ನೆಲ ಮುಟ್ಟುವ ಜಾಗ ಕಮ್ಮಿಯಾಗಿ, ಜಾರಲು ಶುರುಮಾಡುತ್ತದೆ. ಸವಾರ ಟೈರನ್ನು ಬೈಯುತ್ತಾನೆ.

ಅದಕ್ಕೆ ಟ್ರ್ಯಾಕಿನಲ್ಲಿ ಗಾಳಿ ಸ್ವಲ್ಪ ಇಳಿಸಿಕೊಂಡು ಶುರುಮಾಡುತ್ತಾರೆ. ರಸ್ತೆ ಟೈರಿನಲ್ಲಿ ಎರಡರಿಂದ ನಾಲ್ಕು ಪಿಎಸ್‌ಐ ಇಳಿಸುವುದು ವಾಡಿಕೆ. ಇನ್ನೂ ಒಳ್ಳೆಯ ದಾರಿ: ಒಂದು ಸರದಿ ಮುಗಿಸಿ ಬಂದ ಕೂಡಲೇ, ಟೈರ್ ಬಿಸಿ ಇರುವಾಗಲೇ ಅಳೆದು, ನಿಮ್ಮ ಮಾಮೂಲು ಒತ್ತಡಕ್ಕಿಂತ ಎಷ್ಟು ಏರಿದೆ ನೋಡಿ ಅಷ್ಟನ್ನು ಬಿಡುವುದು. ಇದಕ್ಕೆ ನಂಬಿಕಸ್ಥ ಗೇಜ್ ಒಂದು ಜೇಬಿನಲ್ಲಿರಬೇಕು. ಪೆಟ್ರೋಲ್ ಬಂಕಿನ ಮೀಟರುಗಳು ಒಂದಕ್ಕೊಂದು ಒಪ್ಪುವುದು ಕಮ್ಮಿ.

ಇಳಿಸಿದ್ದೇ ಒಳ್ಳೆಯದು ಅಂತ 20ಕ್ಕೆ ಇಳಿಸಬಾರದು. ಗೋಡೆ ಕುಸಿದು, ಟೈರ್ ಅತಿಯಾಗಿ ಬಾಗಿ, ಮಿತಿಮೀರಿ ಕಾಯುತ್ತದೆ. ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿಯಲ್ಲೇ ಇದಕ್ಕೆ ನಿಯಮ ಇದೆ. 2024ರಿಂದ ಮುಂದಿನ ಟೈರಿನಲ್ಲಿ ಕನಿಷ್ಠ 1.8 ಬಾರ್, ಅಂದರೆ ಸುಮಾರು 26 ಪಿಎಸ್‌ಐ ಇರಬೇಕು. ರೇಸಿನ ನಿಗದಿತ ಭಾಗದಲ್ಲಿ ಅದಕ್ಕಿಂತ ಕೆಳಗಿದ್ದರೆ 16 ಸೆಕೆಂಡ್ ದಂಡ. 2025ರ ಕತಾರ್ ರೇಸಿನಲ್ಲಿ ಎರಡನೆಯವರಾಗಿ ಗೆರೆ ದಾಟಿದ ಮಾವೆರಿಕ್ ವಿನ್ಯಾಲೆಸ್ ಈ ದಂಡದಿಂದ 14ನೇ ಸ್ಥಾನಕ್ಕೆ ಇಳಿದರು. ಎಂಜಿನಿಯರುಗಳ ದಂಡೇ ಇರುವ ತಂಡಗಳಿಗೂ ಇದು ಸುಲಭ ಅಲ್ಲ ನೋಡಿ.

ಸಂಜೆ ಹೊರಡುವ ಮೊದಲು ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ಮತ್ತೆ ತುಂಬಿಸಲೇಬೇಕು. ಟೈರ್ ತಣಿದ ಮೇಲೆ ತುಂಬಿಸಿ. ಸುಸ್ತಾಗಿರುತ್ತೀರಿ, ‘ನಾಳೆ ನೋಡಿದರಾಯಿತು’ ಅನ್ನಿಸುತ್ತದೆ. ಕಮ್ಮಿ ಗಾಳಿಯಲ್ಲಿ 300 ಕಿ.ಮೀ. ಹೆದ್ದಾರಿ ಓಡಿಸಿದರೆ ಟೈರಿನ ಒಡಲು ಒಳಗೇ ಹಾಳಾಗುತ್ತದೆ. ಒಂದು ಗುಂಡಿ ಸಿಕ್ಕರೆ ರಿಮ್ ಸೊಟ್ಟ.

ಅಂಗಡಿಯಲ್ಲಿ, ಅದಾದ ಮೇಲೆ

ಟೈರ್ ಹೊರತೆಗೆದು ತೋರಿಸಲು ಹೇಳಿ. ನಾಲ್ಕು ಅಂಕಿಯ ತಾರೀಖು ನೋಡಿ. ವರ್ಷದೊಳಗಿನದಾದರೆ ಚೆನ್ನ. ರಬ್ಬರ್ ಕಪಾಟಿನಲ್ಲಿ ಕೂತೇ ಗಟ್ಟಿಯಾಗುತ್ತದೆ, ಹಳೆಯ ದಾಸ್ತಾನಿಗೆ ರಿಯಾಯಿತಿ ಕೊಟ್ಟರೂ ಬೇಡ. ಐಎಸ್‌ಐ ಗುರುತು ಇರಬೇಕು. ಚಕ್ರ ತಿರುಗುವ ದಿಕ್ಕಿನ ಬಾಣ ಇರುತ್ತದೆ, ಕೂರಿಸುವಾಗ ಹುಡುಗ ಅದನ್ನು ನೋಡುತ್ತಾನೋ ಇಲ್ಲವೋ ಅಂತ ನೀವು ನೋಡಿ. ಟ್ಯೂಬ್‌ಲೆಸ್ ಆದರೆ ವಾಲ್ವ್ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ.

ಹೊಸ ಟೈರಿನ ಮೈ ನುಣ್ಣಗಿರುತ್ತದೆ. ಮೊದಲ ನೂರಿನ್ನೂರು ಕಿ.ಮೀ. ಜೋರಾಗಿ ವಾಲಿಸಬಾರದು, ತಟ್ಟನೆ ಬ್ರೇಕ್ ಒತ್ತಬಾರದು. ಟ್ರ್ಯಾಕ್ ಡೇಯ ಹಿಂದಿನ ಸಂಜೆ ಟೈರ್ ಹಾಕಿಸುವವರು ಇದ್ದಾರೆ. ಎರಡು ವಾರ ಮೊದಲೇ ಹಾಕಿಸಿದರೆ ಆಫೀಸ್ ಓಡಾಟದಲ್ಲೇ ಮೇಲ್ಮೈ ಉಜ್ಜಿ ತಯಾರಾಗಿರುತ್ತದೆ.

ಪಂಕ್ಚರ್ ಆದ ಟೈರ್? ನೆಲ ಮುಟ್ಟುವ ಭಾಗದಲ್ಲಿ ಆದದ್ದಕ್ಕೆ ಸ್ಟ್ರಿಪ್ ಹಾಕಿಸಿ ಊರಲ್ಲಿ ಓಡಿಸಬಹುದು. ಪಕ್ಕದ ಗೋಡೆಯಲ್ಲಿ ಆದರೆ ಟೈರ್ ಬದಲಿಸಬೇಕು. ಸ್ಟ್ರಿಪ್ ಹಾಕಿದ ಟೈರಿನಲ್ಲಿ ಟ್ರ್ಯಾಕಿಗೆ ಇಳಿಯಬೇಡಿ. ಇನ್ನು ಸವೆತ. ಗೀರುಗಳ ತಳದಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ, ಅದರ ಸ್ಥಾನವನ್ನು ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ ಅಂತ ಗುರುತು ಮಾಡಿರುತ್ತಾರೆ. ಸುತ್ತಲಿನ ರಬ್ಬರ್ ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಆದರೆ ಟ್ರ್ಯಾಕಿಗೆ ಹೋಗುವವರಿಗೆ ನಡು ಚಪ್ಪಟೆಯಾದ ದಿನವೇ ಅರ್ಧ ಮುಗಿದಂತೆ.

ಟ್ರ್ಯಾಕಿನಿಂದ ಬಂದ ಟೈರಿನ ಅಂಚಿನಲ್ಲಿ ರಬ್ಬರಿನ ಸಣ್ಣ ಉಂಡೆಗಳು ಅಂಟಿರುತ್ತವೆ. ಗಾಬರಿ ಬೇಡ, ಅದು ಸಹಜ. ಎರಡು ದಿನ ಓಡಿಸಿದರೆ ಉದುರುತ್ತದೆ. ಮೇಲ್ಮೈ ಹರಿದು ಚಿಂದಿಯಂತೆ ಎದ್ದಿದ್ದರೆ ಗಾಳಿಯಲ್ಲೋ ಸಸ್ಪೆನ್ಷನ್ನಿನಲ್ಲೋ ಎಡವಟ್ಟಾಗಿದೆ, ಮುಂದಿನ ಸಲಕ್ಕೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಅಂಚಿನಲ್ಲಿ ಒಂದು ಬೆರಳಗಲ ಮುಟ್ಟದೆ ಉಳಿದಿದೆ ಅಂತ ಗೆಳೆಯರು ಆಡಿಕೊಂಡರೆ ಆಡಿಕೊಳ್ಳಲಿ. ಅದನ್ನು ಸವೆಸಲೆಂದೇ ರಸ್ತೆಯಲ್ಲಿ ಬೈಕ್ ವಾಲಿಸಿದವರು ಆಸ್ಪತ್ರೆಯಲ್ಲಿ ಸಿಗುತ್ತಾರೆ.

ತಿಂಗಳಿಗೊಮ್ಮೆ ಹೋಗುವವರು

ಹೋಗುವುದು ವರ್ಷಕ್ಕೆ ಎರಡು ಸಲದಿಂದ ತಿಂಗಳಿಗೊಂದಕ್ಕೆ ಏರಿದರೆ, ಜೊತೆಗೆ ವೇಗವೂ ಏರಿದರೆ ಲೆಕ್ಕ ಬದಲಾಗುತ್ತದೆ. ಆಗ ಒಂದೇ ಟೈರಿನಲ್ಲಿ ಎರಡೂ ಮಾಡುವುದು ದುಬಾರಿ. ಒಂದು ಜೊತೆ ಹಳೆಯ ರಿಮ್ ಹುಡುಕಿ, ಅದಕ್ಕೆ ಸೂಪರ್‌ಕೊರ್ಸಾದಂಥ ಟ್ರ್ಯಾಕ್ ಟೈರ್ ಹಾಕಿಸಿಟ್ಟು, ಹೋಗುವ ದಿನ ಮಾತ್ರ ಚಕ್ರ ಬದಲಿಸುವವರಿದ್ದಾರೆ. ಬೈಕನ್ನು ಟೆಂಪೋದಲ್ಲಿ ಸಾಗಿಸಿದರೆ ಆ ಟೈರುಗಳು ಹೆದ್ದಾರಿಯನ್ನೇ ಕಾಣುವುದಿಲ್ಲ. ಕೆಲವು ತರಬೇತಿ ಶಾಲೆಗಳು ತಮ್ಮದೇ ಬೈಕ್ ಕೊಡುತ್ತವೆ. ಮೊದಲ ಸಲ ಹೋಗುವವರು ಅಲ್ಲಿಂದ ಶುರುಮಾಡಿ, ತಮ್ಮ ಬೈಕಿಗೆ ನಿಜವಾಗಿ ಏನು ಬೇಕು ಅಂತ ಆಮೇಲೆ ತೀರ್ಮಾನಿಸಬಹುದು. ಅಲ್ಲಿಯವರೆಗೆ ಟೈರಿನ ದುಡ್ಡು ಬ್ಯಾಂಕಿನಲ್ಲೇ ಇರಲಿ.